ಶಾಲೆಯ ಗೇಟಿಗೆ ಎಷ್ಟು ಮೀಟರ್? ಯುಮ್ಯಾಪ್‌ನಲ್ಲಿ ನಮ್ಮ ಬಡಾವಣೆಯ ಮದ್ಯದಂಗಡಿಗಳು

ರಾಜಾಜಿನಗರದ ನಮ್ಮ ನಿವಾಸಿಗಳ ಸಭೆಯಲ್ಲಿ ಒಂದು ದೂರಿನ ಕರಡು ಓದಿದರು. ಸರ್ಕಾರಿ ಶಾಲೆಯ ಸುತ್ತ ಆರು ಬಾರ್‌ಗಳು ಕಾನೂನು ಮೀರಿ ನಡೆಯುತ್ತಿವೆ, ಎಲ್ಲವನ್ನೂ ಮುಚ್ಚಿಸಬೇಕು ಎಂದು. ಒಬ್ಬೊಬ್ಬರೇ ಸಹಿ ಹಾಕುತ್ತಾ ಬಂದರು. ನನ್ನ ಸರದಿ ಬಂದಾಗ ಕೈ ಮುಂದೆ ಹೋಗಲಿಲ್ಲ. ಭೂಮಾಪನ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದವನು ನಾನು. 33 ಅಡಿಯ ಸರಪಳಿ ಎಳೆದು, ಹದಿನಾರು ಆಣೆ ಎಣಿಸಿ, ಅಣ್ಣತಮ್ಮಂದಿರ ಬದುವಿನ ಜಗಳ ಬಿಡಿಸಿದವನು. ಅಳೆಯದೆ ಯಾರ ಮೇಲೂ ತಪ್ಪು ಹೊರಿಸುವುದು ನನಗೆ ಒಗ್ಗುವುದಿಲ್ಲ. "ಎರಡು ತಿಂಗಳು ಕೊಡಿ, ನಕ್ಷೆ ಮಾಡಿ ತರುತ್ತೇನೆ" ಎಂದೆ.

ಆ ನಕ್ಷೆಗೆ ಬಳಸಿದ್ದು ಯುಮ್ಯಾಪ್. ಅಕ್ಕನ ಮೊಮ್ಮಗ ತೋರಿಸಿಕೊಟ್ಟ. "ತಾತ, ಇದಕ್ಕೆ ದುಡ್ಡೂ ಬೇಡ, ಖಾತೆಯೂ ಬೇಡ" ಎಂದ. ನಿಜ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ತಳನಕ್ಷೆಯ ಮೇಲೆ ನಮ್ಮ ಬಿಂದುಗಳನ್ನು, ಗೆರೆಗಳನ್ನು, ಬಣ್ಣಗಳನ್ನು ಕೂರಿಸಿ ಕೊಂಡಿಯ ಮೂಲಕ ಯಾರಿಗೆ ಬೇಕಾದರೂ ಕಳುಹಿಸಬಹುದು. ಖಾತೆ ಇಲ್ಲದೆ ಮಾಡಿದರೆ ತಿದ್ದಲು ಒಂದು ಗುಟ್ಟಿನ ಕೊಂಡಿ ಕೊಡುತ್ತದೆ. ಅದನ್ನು ಡೈರಿಯಲ್ಲಿ ಬರೆದಿಟ್ಟುಕೊಳ್ಳಿ. ಅದು ಕೈತಪ್ಪಿದರೆ ನಿಮ್ಮ ನಕ್ಷೆಯನ್ನು ನೀವೇ ತಿದ್ದಲಾರಿರಿ.

ಯುಮ್ಯಾಪ್ ಕಲಿಯಲು ಒಂದು ಮಧ್ಯಾಹ್ನ ಸಾಕಾಯಿತು. ಕಷ್ಟವಾದದ್ದು ಪಟ್ಟಿ. ಮಾಹಿತಿ ಹಕ್ಕು ಕಾಯ್ದೆಯಡಿ ಹತ್ತು ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿದ ಮೇಲೆ ನಮ್ಮ ಭಾಗದ ಅಬಕಾರಿ ಸನ್ನದುಗಳ ಪಟ್ಟಿ ಬಂತು: ಸನ್ನದಿನ ಸಂಖ್ಯೆ, ಬಗೆ, ಸನ್ನದುದಾರರ ಹೆಸರು, ವಿಳಾಸ. ವಿಳಾಸ ಎಂದರೆ ಏನು? "3ನೇ ಮುಖ್ಯರಸ್ತೆ, ರಾಜಾಜಿನಗರ". ಯಾವ ಬ್ಲಾಕಿನ ಮೂರನೇ ಮುಖ್ಯರಸ್ತೆ? ಹಳೆಯ ಸಂಖ್ಯೆಯೋ ಹೊಸ ಸಂಖ್ಯೆಯೋ? ಪಟ್ಟಿಯಲ್ಲಿ ಒಬ್ಬರ ಹೆಸರು, ಅಂಗಡಿಯ ಬೋರ್ಡಿನಲ್ಲಿ ಇನ್ನೊಂದು ಹೆಸರು. ಚಿಲ್ಲರೆ ಅಂಗಡಿಯ ಸಿಎಲ್–2, ಬಾರಿನ ಸಿಎಲ್–9 ಎಂಬ ಬಗೆಯ ಹೊಸ ಸನ್ನದು ಕೊಡುವುದನ್ನು ಸರ್ಕಾರ 1992ರಲ್ಲಿ ನಿಲ್ಲಿಸಿದ ಮೇಲೆ ಹಳೆಯ ಸನ್ನದುಗಳೇ ಕೈಯಿಂದ ಕೈಗೆ, ಬೀದಿಯಿಂದ ಬೀದಿಗೆ ದಾಟುತ್ತಾ ಬಂದಿವೆ. ವಿಳಾಸ ಕೊಟ್ಟರೆ ಜಾಗ ಹುಡುಕಿಕೊಡುವ ತಂತ್ರಾಂಶಕ್ಕೆ ಇಂಥದ್ದೆಲ್ಲ ಹೇಗೆ ಗೊತ್ತಾಗಬೇಕು? ನನ್ನ ಅರ್ಧ ಪಟ್ಟಿಯನ್ನು ಅದು ಬಡಾವಣೆಯ ನಟ್ಟನಡುವಿನ ಒಂದೇ ಬಿಂದುವಿನಲ್ಲಿ ಗುಡ್ಡೆ ಹಾಕಿತು. ಕೊನೆಗೆ ಕಾಲ್ನಡಿಗೆಯೇ ಗತಿ. ದಿನಾ ಬೆಳಿಗ್ಗೆ ವಾಯುವಿಹಾರದ ಹೊತ್ತಿನಲ್ಲಿ ಎರಡು ಮೂರು ಅಂಗಡಿಗಳ ಮುಂದೆ ನಿಂತು ಮೊಬೈಲಿನಲ್ಲಿ ಅಕ್ಷಾಂಶ ರೇಖಾಂಶ ಬರೆದುಕೊಂಡೆ. ಅವನ್ನು ಸಿಎಸ್‌ವಿ ಎಂಬ ಸರಳ ಪಟ್ಟಿಯ ಕಡತ ಮಾಡಿ ಯುಮ್ಯಾಪ್‌ಗೆ ಹಾಕಿದ ಕೂಡಲೇ ಎಲ್ಲವೂ ತಂತಮ್ಮ ಬೀದಿಯಲ್ಲಿ ಎದ್ದು ನಿಂತವು. ಸನ್ನದುದಾರರ ಹೆಸರಿನ ಕಾಲಂ ಅನ್ನು ಅದಕ್ಕೂ ಮೊದಲೇ ಅಳಿಸಿದ್ದೆ. ನಮಗೆ ಬೇಕಾಗಿದ್ದದ್ದು ಅಂಗಡಿಯ ಜಾಗ, ಅದರ ಹಿಂದಿನ ಮನೆತನ ಅಲ್ಲ.

ಸನ್ನದಿನ ಒಂದೊಂದು ಬಗೆಯನ್ನು ಒಂದೊಂದು ಪದರದಲ್ಲಿಟ್ಟು ಬಣ್ಣ ಕೊಟ್ಟೆ. ಪೊಟ್ಟಣ ಕಟ್ಟಿಸಿಕೊಂಡು ಹೋಗುವ ಚಿಲ್ಲರೆ ಅಂಗಡಿ, ಅಂದರೆ ಸಿಎಲ್–2, ಕೆಂಪು. ಕೂತು ಕುಡಿಯುವ ಬಾರ್, ಸಿಎಲ್–9, ನೀಲಿ. ವಸತಿಗೃಹದ ಸಿಎಲ್–7 ಹಸಿರು. ಸರ್ಕಾರಿ ಸಂಸ್ಥೆ ಎಂಎಸ್‌ಐಎಲ್ ಮಳಿಗೆಯ ಸಿಎಲ್–11ಸಿ ಹಳದಿ. ನಾವೆಲ್ಲ ಇಷ್ಟು ದಿನ 'ಬಾರ್' ಎಂಬ ಒಂದೇ ಮಾತಿನಲ್ಲಿ ಹೇಳುತ್ತಿದ್ದ ಆರರಲ್ಲಿ ನಾಲ್ಕು ಕೆಂಪಾಗಿದ್ದವು. ಸಂಜೆ ಹೆಣ್ಣುಮಕ್ಕಳು ಪಾದಚಾರಿ ಮಾರ್ಗ ಬಿಟ್ಟು ರಸ್ತೆಗಿಳಿದು ನಡೆಯುವುದು ಈ ನಾಲ್ಕರ ಮುಂದೆಯೇ. ಒಳಗೆ ಕುಡಿಯಲು ಅಲ್ಲಿ ಅವಕಾಶವಿಲ್ಲ, ಕೊಂಡವರು ಹೊರಗೇ ನಿಂತು ಮುಗಿಸುತ್ತಾರೆ. ಅಲ್ಲಿಗೆ ಕೇಳಬೇಕಾದದ್ದು ಸಂಜೆಯ ಪೊಲೀಸ್ ಗಸ್ತು. ಕರಡಿನಲ್ಲಿ ಆ ಮಾತೇ ಇರಲಿಲ್ಲ.

ಇನ್ನು ದೂರದ ವಿಷಯ. ಅಬಕಾರಿ ಸನ್ನದುಗಳ ಸಾಮಾನ್ಯ ಷರತ್ತುಗಳ 1967ರ ನಿಯಮಗಳ ಪ್ರಕಾರ ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಇರಬಾರದು. ಅಳೆಯುವ ಬಗೆಯನ್ನೂ ಅದೇ ನಿಯಮ ಹೇಳುತ್ತದೆ: ಅಂಗಡಿ ಬಾಗಿಲಿನ ನಡುಮಧ್ಯದಿಂದ ಹೊರಟು, ಜನ ಸಾಮಾನ್ಯವಾಗಿ ನಡೆಯುವ ಹತ್ತಿರದ ದಾರಿಯಲ್ಲಿ, ಶಾಲೆಯ ಹತ್ತಿರದ ಗೇಟಿನ ನಡುಮಧ್ಯದವರೆಗೆ. ಹಾಗಾಗಿ ನಕ್ಷೆಯ ಮೇಲೆ ಶಾಲೆಯ ಸುತ್ತ ವೃತ್ತ ಎಳೆದು ಒಳಗೆ ಬಿದ್ದವರನ್ನೆಲ್ಲ ತಪ್ಪಿತಸ್ಥರೆನ್ನುವುದು ಸಲ್ಲದು. 2017ರ ಜುಲೈ ನೆನಪಿದೆಯೇ? ಹೆದ್ದಾರಿಯಿಂದ 500 ಮೀಟರ್ ಎಂಬ ಸುಪ್ರೀಂ ಕೋರ್ಟ್ ಆದೇಶದಿಂದ ಮಹಾತ್ಮ ಗಾಂಧಿ ರಸ್ತೆಯ, ಇಂದಿರಾನಗರದ ಎಷ್ಟೋ ಬಾರ್‌ಗಳು ಬಾಗಿಲು ಹಾಕಿದ್ದವು. ಎಲ್ಲಿಂದ ಎಲ್ಲಿಗೆ ಅಳೆಯುತ್ತೇವೆ ಎಂಬುದರ ಮೇಲೆ ನೂರಾರು ಜನರ ಸಂಬಳ ನಿಂತಿರುತ್ತದೆ.

ಯುಮ್ಯಾಪ್‌ನ ದೂರ ಅಳೆಯುವ ಸಾಧನ ನನ್ನ ಮನಸ್ಸು ಗೆದ್ದದ್ದು ಇಲ್ಲಿ. ಒಂದು ಕ್ಲಿಕ್ಕಿಗೆ ಗೆರೆ ಮುಗಿಯುವುದಿಲ್ಲ. ತಿರುವು ಬಂದಲ್ಲೆಲ್ಲ ಒತ್ತುತ್ತಾ ಹೋಗಬಹುದು. ಮೊದಲ ಅಂಗಡಿಯ ಬಾಗಿಲಲ್ಲಿ ಒತ್ತಿದೆ. ಶಟರ್ ಮುಂದಿನ ಮೂರು ಮೆಟ್ಟಿಲು, ಅಲ್ಲಿಂದ ಮೂಲೆಯ ಟ್ರಾನ್ಸ್‌ಫಾರ್ಮರ್, ಅದನ್ನು ಬಳಸಿ ಅಡ್ಡರಸ್ತೆ, ಹೊಂಗೆ ಮರ, ಕೊನೆಗೆ ಶಾಲೆಯ ನೀಲಿ ಗೇಟು. ನೇರ ಗೆರೆಯಲ್ಲಿ 82 ಮೀಟರ್ ಇದ್ದದ್ದು ನಡೆಯುವ ದಾರಿಯಲ್ಲಿ 131 ಆಯಿತು. ಇನ್ನೊಂದು ಸಲ ಒತ್ತಿ ನೋಡಿದೆ, ಅಷ್ಟೇ ಬಂತು. ಆ ಅಂಗಡಿಯ ವಿರುದ್ಧ ಸಹಿ ಹಾಕಿದವರಲ್ಲಿ ನನ್ನ ಆಪ್ತ ಗೆಳೆಯರಿದ್ದಾರೆ. ಅವರನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಪರದೆಯ ಮೇಲೆ ಅದೇ ದಾರಿಯಲ್ಲಿ ಅವರ ಕೈಯಿಂದಲೇ ಒತ್ತಿಸಿದೆ.

ಎಚ್ಚರಿಕೆಯ ಮಾತೂ ಇದೆ. ಮೊಬೈಲಿನ ಜಿಪಿಎಸ್ ಎತ್ತರದ ಕಟ್ಟಡಗಳ ನಡುವೆ ಐದು ಹತ್ತು ಮೀಟರ್ ಆಚೀಚೆ ಹೋಗುತ್ತದೆ. 97 ಎಂದು ಬಂದರೂ 104 ಎಂದು ಬಂದರೂ ಟೇಪು ಎಳೆಯದೆ ನಂಬಬೇಡಿ. ದಟ್ಟಣೆಯನ್ನು ಬಣ್ಣದ ಮೋಡದಂತೆ ತೋರಿಸುವ ಇನ್ನೊಂದು ಬಗೆಯೂ ಯುಮ್ಯಾಪ್‌ನಲ್ಲಿದೆ. ನೋಡಲು ಚೆಂದ, ಆದರೆ ನಾವೇ ಬೇರೆ ಬೇರೆ ತೂಕ ಕೊಡದಿದ್ದರೆ ದೊಡ್ಡ ಕ್ಲಬ್ಬಿಗೂ ಗೂಡಿನಂಥ ಕೌಂಟರಿಗೂ ಅದರಲ್ಲಿ ಒಂದೇ ತೂಕ. ನಾನು ಅದನ್ನು ತೆಗೆದುಹಾಕಿದೆ. ತಳನಕ್ಷೆಯಲ್ಲಿ ನಮ್ಮ ಬೀದಿಗಳ ಹೆಸರು ಬಹುಪಾಲು ಇಂಗ್ಲಿಷಿನಲ್ಲಿವೆ. ನಮ್ಮ ಬಿಂದುಗಳ ವಿವರಣೆಯನ್ನು ಮಾತ್ರ ಪೂರ್ತಿ ಕನ್ನಡದಲ್ಲೇ ಬರೆದೆ, ಒಂದು ಅಕ್ಷರವೂ ಒಡೆಯಲಿಲ್ಲ. ಅಬಕಾರಿ ವರ್ಷ ಜುಲೈ 1ಕ್ಕೆ ಶುರುವಾಗುವುದರಿಂದ ಪ್ರತಿ ಜುಲೈಯಲ್ಲಿ ಹೊಸ ಪಟ್ಟಿ ತರಿಸಿ ತಾಳೆ ನೋಡಲೇಬೇಕು.

ಹೀಗೆ ಅಳೆದ ಮೇಲೆ ದೂರಿನ ಕರಡಿನಿಂದ ಐದು ಅಂಗಡಿಗಳ ಹೆಸರು ಬಿಟ್ಟುಹೋಯಿತು. ಗಸ್ತಿನ ಬೇಡಿಕೆ ಸೇರಿತು, ನಾನೂ ಸಹಿ ಹಾಕಿದೆ. ಆರನೆಯದು ನಕ್ಷೆಯಲ್ಲಿ 94 ಮೀಟರ್ ತೋರಿಸುತ್ತಿದೆ. ಬರುವ ಭಾನುವಾರ ಬೆಳಿಗ್ಗೆ ಏಳಕ್ಕೆ, ಅಂಗಡಿ ತೆರೆಯುವ ಮೊದಲು, 30 ಮೀಟರಿನ ಟೇಪು ಹಿಡಿದು ಹೋಗುತ್ತಿದ್ದೇವೆ. ಒಂದು ತುದಿ ಹಿಡಿಯಲು ಅಂಗಡಿಯವರೇ ಬರುತ್ತೇನೆಂದು ಒಪ್ಪಿಕೊಂಡಿದ್ದಾರೆ.