ತೊಳೆದು ಮತ್ತೆ ಸುತ್ತುವ ಶಾರ್ಟ್ ಸ್ಟ್ರೆಚ್ ಬ್ಯಾಂಡೇಜ್: ದುಬಾರಿ, ಆದರೂ ಕೊಳ್ಳಿ

ನಮ್ಮ ಯಜಮಾನರು ದಾವಣಗೆರೆಯ ಹೋಟೆಲುಗಳಲ್ಲಿ ದೋಸೆ ಕಾವಲಿಯ ಮುಂದೆ ನಿಂತೇ ದುಡಿದವರು. ಪಾದದ ಗಂಟಿನ ಒಳಬದಿಯಲ್ಲಿ ವೆರಿಕೋಸ್ ಹುಣ್ಣು, ಅಂದರೆ ಕಾಲಿನ ರಕ್ತನಾಳ ಉಬ್ಬಿ ರಕ್ತ ನಿಂತು ಆಗುವ ಹುಣ್ಣು; ಮಾಯುತ್ತದೆ, ಮತ್ತೆ ಬಾಯಿ ಬಿಡುತ್ತದೆ. ವಾರಕ್ಕೆರಡು ಡ್ರೆಸ್ಸಿಂಗ್, ಸಲಕ್ಕೆ 300 ರೂಪಾಯಿ, ಆಟೋ ಬೇರೆ. ಆ ದಿನ ಅವರ ಕೂಲಿಯೂ ಇಲ್ಲ, ಜೊತೆಗೆ ಹೋಗುವ ನನ್ನ ಹೊಲಿಗೆಯೂ ಇಲ್ಲ. ಆಸ್ಪತ್ರೆಗೆ ದಾಖಲಾಗದೆ ಪಡೆದ ಚಿಕಿತ್ಸೆಯೆಂದು ವಿಮಾ ಕಂಪನಿ ಒಂದು ಬಿಲ್ಲನ್ನೂ ಒಪ್ಪಲಿಲ್ಲ. ಮಾಸಿಕ ಚೀಟಿಯ ದುಡ್ಡೆಲ್ಲ ಈ ಕಾಲಿಗೇ ಹೋಯಿತು.

ಈ ಬ್ಯಾಂಡೇಜಿಗೆ ಕೊಟ್ಟದ್ದು 1,100 ರೂಪಾಯಿ. ಕ್ರೇಪ್ ಬ್ಯಾಂಡೇಜ್ 200ಕ್ಕೇ ಸಿಗುತ್ತದೆ, ನಿಜ. ಆದರೆ ಅದು ಬೇಗ ಸಡಿಲವಾಗಿ ಜಾರುತ್ತದೆ. ಪದೇಪದೇ ಹೊಸತು ತರಬೇಕು. ಇದು ಹೆಚ್ಚು ಹಿಗ್ಗುವುದಿಲ್ಲ. ನಡೆಯುವಾಗ ಮೀನಖಂಡ ಉಬ್ಬಿ ಈ ಗಟ್ಟಿ ಬಟ್ಟೆಗೆ ಒತ್ತಿದರೆ ಕಾಲಿನಲ್ಲಿ ನಿಂತ ರಕ್ತ ಮೇಲಕ್ಕೇರುತ್ತದೆ. ಮಲಗಿದಾಗ ಬಿಗಿತ ಕಡಿಮೆ, ಹಾಗಾಗಿ ನಿದ್ದೆ ಕೆಡುವುದಿಲ್ಲ. ಬಾವು ಇಳಿದು ಕೀವುನೀರು ಸೋರುವುದು ತಗ್ಗಿದ ಮೇಲೆ ವೈದ್ಯರೇ ಡ್ರೆಸ್ಸಿಂಗನ್ನು ವಾರಕ್ಕೊಂದಕ್ಕೆ ಇಳಿಸಿದರು. ನಮಗೆ ಉಳಿತಾಯವಾದದ್ದು ಅಲ್ಲಿ.

ಕೊಳ್ಳುವ ಮೊದಲು ಕಾಲಿನ ರಕ್ತದ ಹರಿವನ್ನು ನೋಡುವ ಡಾಪ್ಲರ್ ಪರೀಕ್ಷೆ ಮಾಡಿಸಲೇಬೇಕು. ಕಾಲಿನ ರಕ್ತದೊತ್ತಡವನ್ನು ತೋಳಿನದರಿಂದ ಭಾಗಿಸಿ ನೋಡುತ್ತಾರೆ, 0.8ಕ್ಕಿಂತ ಕಡಿಮೆ ಬಂದರೆ ಶುದ್ಧ ರಕ್ತದ ಹರಿವೇ ಕುಗ್ಗಿದೆ ಎಂದು ಲೆಕ್ಕ. ಅಂಥ ಕಾಲಿಗೆ ಬಿಗಿಯಾಗಿ ಸುತ್ತಿದರೆ ಕಾಲಿಗೇ ಅಪಾಯ. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರದಿಂದಿರಬೇಕು. ಇಷ್ಟು ಮುಖ್ಯವಾದ ಮಾತನ್ನು ಮಾರಿದ ಅಂಗಡಿಯವರು ಹೇಳಲಿಲ್ಲ, ಪೊಟ್ಟಣದ ಮೇಲೆ ಕನ್ನಡದ ಒಂದು ಅಕ್ಷರವೂ ಇಲ್ಲ. ಇದನ್ನು ನಾನು ಕ್ಷಮಿಸಲಾರೆ.

ಸುತ್ತುವುದನ್ನು ನರ್ಸಮ್ಮನಿಂದ ಕಲಿತೆ: ಬೆರಳುಗಳ ಬುಡದಿಂದ ಶುರು ಮಾಡಿ, ಹಿಮ್ಮಡಿ ಬಿಡದೆ, ಪ್ರತಿ ಸುತ್ತೂ ಹಿಂದಿನದರ ಅರ್ಧ ಮುಚ್ಚುವಂತೆ ಮಂಡಿಯ ಕೆಳಗಿನವರೆಗೆ. ಬೆಳಿಗ್ಗೆ ಹಾಸಿಗೆಯಿಂದ ಕಾಲು ಕೆಳಗಿಡುವ ಮುನ್ನ ಕಟ್ಟಿದರೆ ಒಳ್ಳೆಯದು. ಬೆರಳು ನೀಲಿಯಾದರೆ, ಜೋಮು ಹಿಡಿದರೆ ತಕ್ಷಣ ಬಿಚ್ಚಬೇಕು. ಜೊತೆಗೆ ಕೊಡುವ ಕ್ಲಿಪ್ಪುಗಳು ಚುಚ್ಚುತ್ತವೆ, ಅಂಟುಪಟ್ಟಿಯೇ ವಾಸಿ. ಹಿಂಡದೆ ನೆರಳಿನಲ್ಲಿ ಒಣಗಿಸುವುದರಿಂದ ಮಳೆಗಾಲದಲ್ಲಿ ಒಂದೇ ಇದ್ದರೆ ಸಾಲದು. ಕೈಯಲ್ಲಿ ದುಡ್ಡಿದ್ದರೆ ಎರಡು ಕೊಳ್ಳಿ, 10 ಸೆಂಟಿಮೀಟರ್ ಅಗಲದ್ದು.