ಯಕ್ಷಗಾನದ ವಿಡಿಯೊ ಕುಗ್ಗಿಸಲು ಹ್ಯಾಂಡ್‌ಬ್ರೇಕ್

ಯಕ್ಷಗಾನದ ವಿಡಿಯೊ ಯೂಟ್ಯೂಬಿಗೆ ಹಾಕುವವರಿಗೆ ಫೈಲಿನ ಗಾತ್ರವೇ ತಲೆನೋವು. ನನ್ನ ಕ್ಯಾಮೆರಾ ಸೆಕೆಂಡಿಗೆ 50 ಮೆಗಾಬಿಟ್‌ನಂತೆ ರೆಕಾರ್ಡ್ ಮಾಡುತ್ತದೆ. ಒಂದು ಗಂಟೆಯ ಆಟ ಅಂದರೆ 22 ಜಿಬಿಗಿಂತ ಜಾಸ್ತಿ. ನಮ್ಮ ಮನೆಯ ಅಪ್‌ಲೋಡ್ ವೇಗ 20 ಎಂಬಿಪಿಎಸ್. ಲೆಕ್ಕ ಹಾಕಿ, ಗಂಟೆಯ ವಿಡಿಯೊ ಹೋಗಿ ಮುಟ್ಟಲು ಎರಡೂವರೆ ಗಂಟೆ ಬೇಕು. ಅದೂ ನಡುವೆ ಕರೆಂಟ್ ಹೋಗದಿದ್ದರೆ.

ಆನ್‌ಲೈನಿನಲ್ಲೇ ಕುಗ್ಗಿಸಿಕೊಡುವ ಸೈಟುಗಳಿವೆಯಲ್ಲ ಅಂತೀರಾ? ಅಲ್ಲಿಗೂ ಮೊದಲು ಆ 22 ಜಿಬಿಯನ್ನೇ ಕಳಿಸಬೇಕು! ಹಾಗಾಗಿ ನಾನು ಬಳಸುವುದು ಹ್ಯಾಂಡ್‌ಬ್ರೇಕ್. ಕೆಲಸವೆಲ್ಲ ನಮ್ಮ ಕಂಪ್ಯೂಟರಿನಲ್ಲೇ ನಡೆಯುತ್ತದೆ. 2003ರಿಂದ ಇರುವ ಉಚಿತ ಸಾಫ್ಟ್‌ವೇರ್, ವಾಟರ್‌ಮಾರ್ಕಿನ ಕಾಟವಿಲ್ಲ.

ಇದರ ಜೀವ ಇರುವುದು ಕ್ವಾಲಿಟಿ ಹೊಂದಿಸುವ ಆರ್‌ಎಫ್ (ರೇಟ್ ಫ್ಯಾಕ್ಟರ್) ಎಂಬ ಸ್ಲೈಡರಿನಲ್ಲಿ. ಸಂಖ್ಯೆ ಇಳಿದಷ್ಟೂ ಕ್ವಾಲಿಟಿ ಮೇಲೆ, ಫೈಲೂ ದೊಡ್ಡದು. 1080ಪಿ ವಿಡಿಯೊಗೆ 20ರಿಂದ 24 ಸಾಕು ಎಂದು ಹ್ಯಾಂಡ್‌ಬ್ರೇಕಿನವರೇ ಹೇಳುತ್ತಾರೆ. ನಾನು 20ಕ್ಕೆ ಇಡುತ್ತೇನೆ. ಭಾಗವತರು ಕೂತು ಹಾಡುವಾಗ ಚಿತ್ರದಲ್ಲಿ ಹೆಚ್ಚು ಅಲುಗಾಟ ಇರಲ್ಲ, ಅಲ್ಲಿ ಜಾಗ ಉಳಿಯುತ್ತದೆ. ಮಹಿಷಾಸುರ ದೊಂದಿ ಹಿಡಿದು ಸಭೆಯ ನಡುವೆ ಬರುವಾಗ, ರಾಳ ಎರಚಿ ಬೆಂಕಿ ಭಗ್ಗೆಂದಾಗ, ಬೇಕಾದಷ್ಟು ಜಾಗವನ್ನು ಅಲ್ಲಿ ಖರ್ಚು ಮಾಡುತ್ತದೆ. ಬಿಟ್‌ರೇಟ್, ಅಂದರೆ ಸೆಕೆಂಡಿಗೆ ಬಳಸುವ ಡೇಟಾ, ಕಡಿಮೆಗೆ ಕಟ್ಟಿಹಾಕಿದರೆ ಇದೇ ಜಾಗದಲ್ಲಿ ಹೊಗೆಯೆಲ್ಲ ಚೌಕ ಚೌಕವಾಗಿ ಒಡೆಯುತ್ತದೆ.

ನನಗೆ ಗಂಟೆಗೆ ಐದು ಜಿಬಿ ಆಸುಪಾಸು ಬರುತ್ತದೆ. ಅಪ್‌ಲೋಡ್ ಅರ್ಧ ಗಂಟೆ ಚಿಲ್ರೆ. ಕ್ವಾಲಿಟಿ ಒಂಚೂರೂ ಹೋಗಿಲ್ಲವಾ? ಹೋಗಿರುತ್ತದೆ. ಕಣ್ಣಿಗೆ ಕಾಣಲ್ಲ, ಅಷ್ಟೇ. ಇನ್ನೂ ಸಣ್ಣದು ಮಾಡಬಹುದು, ಆದರೆ ಯೂಟ್ಯೂಬ್ ತಾನೇ ಮತ್ತೊಮ್ಮೆ ಕುಗ್ಗಿಸುತ್ತದೆ. ನಾವು ಕೊಡುವುದೇ ಸವಕಲಾದರೆ ಅಲ್ಲಿಂದ ಬರುವುದು ಹೇಗಿದ್ದೀತು?

ಇನ್ನು ದೂರು. ಸುಮ್ನೆ ಸ್ಟಾರ್ಟ್ ಒತ್ತಿದರೆ ಕೆಲಸ ಕೆಡುತ್ತದೆ. ಅದರಲ್ಲೇ ಇರುವ ಮಾಮೂಲಿ ಸೆಟ್ಟಿಂಗ್ (ಪ್ರಿಸೆಟ್) ಫ್ರೇಮ್‌ರೇಟನ್ನು, ಅಂದರೆ ಸೆಕೆಂಡಿಗೆ ಇರುವ ಚಿತ್ರಗಳ ಸಂಖ್ಯೆಯನ್ನು, 30ಕ್ಕೆ ಮಿತಿಗೊಳಿಸುತ್ತದೆ. ನನ್ನದು 50. ದಿಗಿಣ ಹಾರುವಾಗ, ಗಿರಕಿ ಹೊಡೆಯುವಾಗ ಕುಣಿತ ಕುಕ್ಕಿದಂತೆ ಕಾಣುತ್ತದೆ. 'ಸೇಮ್ ಆ್ಯಸ್ ಸೋರ್ಸ್' ಆರಿಸಿಕೊಳ್ಳಿ. ಇನ್ನೊಂದು, ಕಪ್ಪು ಅಂಚನ್ನು ತಾನಾಗಿಯೇ ಕತ್ತರಿಸುವ ಬುದ್ಧಿ ಇದಕ್ಕೆ. ರಾತ್ರಿ ಆಟದಲ್ಲಿ ರಂಗಸ್ಥಳದ ಸುತ್ತ ಇರುವುದೇ ಕತ್ತಲು! ಕೆಲವೊಮ್ಮೆ ಅದನ್ನೂ ಅಂಚೆಂದು ತಿಳಿದು ಕತ್ತರಿ ಹಾಕುತ್ತದೆ. ಕ್ರಾಪ್ ಆಫ್ ಮಾಡಿಬಿಡಿ. ಆಡಿಯೊ ಸೆಕೆಂಡಿಗೆ 160 ಕಿಲೋಬಿಟ್‌ನಲ್ಲಿರುತ್ತದೆ. ಮಾತಿಗೆ ಸಾಕು, ಚೆಂಡೆಗೆ ನನಗೆ ಸಾಲದು. 256 ಇಡುತ್ತೇನೆ.

ಇಡೀ ಫೈಲ್ ಓಡಿಸುವ ಮೊದಲು ಪ್ರಿವ್ಯೂನಲ್ಲಿ ಒಂದು ತುಂಡು ಮಾಡಿ ನೋಡಬಹುದು. ಇದು ನನಗೆ ಭಾರೀ ಇಷ್ಟ. ಬೆಂಕಿ, ಹೊಗೆ, ಕತ್ತಲು ಮೂರೂ ಇರುವ ಕಡೆಯೇ ನೋಡಿ. ಅಲ್ಲಿ ಪಾಸಾದರೆ ಉಳಿದದ್ದೆಲ್ಲ ಪಾಸು.

ಸಮಯ ಹಿಡಿಯುತ್ತದೆ ಸ್ವಾಮಿ, ಅದಂತೂ ನಿಜ. ನನ್ನ ಹಳೇ ಲ್ಯಾಪ್‌ಟಾಪಿನ ಫ್ಯಾನ್ ಗಿರಣಿಯಂತೆ ಕೂಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಅದರಲ್ಲೇ ವಿಡಿಯೊ ಕುಗ್ಗಿಸುವ, ಎನ್‌ವಿಡಿಯಾದ ಎನ್‌ವೆಂಕ್ (NVENC) ನಂಥ ಎನ್‌ಕೋಡರ್‌ಗಳಿವೆ, ಬೇಗ ಮುಗಿಯುತ್ತದೆ. ಆದರೆ ಅಷ್ಟೇ ಕ್ವಾಲಿಟಿಗೆ ಫೈಲ್ ಸಾಮಾನ್ಯವಾಗಿ ದೊಡ್ಡದಾಗುತ್ತದೆ. ನಾನು ಪ್ರೊಸೆಸರಿನಲ್ಲೇ ಓಡುವ ಎಕ್ಸ್264 ಎನ್‌ಕೋಡರ್ ಬಿಟ್ಟಿಲ್ಲ. ಎಲ್ಲ ಫೈಲುಗಳನ್ನೂ ಕ್ಯೂಗೆ ಹಾಕಿ ಮಲಗುತ್ತೇನೆ.

ಡೌನ್‌ಲೋಡ್ ಮಾಡುವಾಗ ಅವರದೇ ಸೈಟಿನಿಂದ ಮಾಡಿ, ವಿಳಾಸ ಡಾಟ್ ಎಫ್‌ಆರ್ ಅಂತ ಮುಗಿಯುತ್ತದೆ. 2017ರ ಮೇ ತಿಂಗಳಲ್ಲಿ ಅವರ ಒಂದು ಮಿರರ್ ಸರ್ವರಿಗೇ (ಅದೇ ಫೈಲುಗಳ ನಕಲು ಇಡುವ ಸರ್ವರ್) ಯಾರೋ ನುಗ್ಗಿ, ಮ್ಯಾಕ್ ಆವೃತ್ತಿಯ ಜಾಗದಲ್ಲಿ ವೈರಸ್ ಸೇರಿಸಿದ ಫೈಲ್ ಇಟ್ಟಿದ್ದರು. ಫೈಲ್ ಬದಲಾಗಿಲ್ಲವೆಂದು ತಿಳಿಯಲು ಕೊಟ್ಟಿರುವ ಚೆಕ್‌ಸಮ್ ಎಂಬ ಸಂಕೇತವನ್ನು ಒಮ್ಮೆ ತಾಳೆ ನೋಡಿಕೊಂಡರೆ ಒಳ್ಳೆಯದು.