‘ಫ್ಯಾಮಿಲಿ ಸಿನಿಮಾ’ ಅಂತ ನಂಬಿ ಮಕ್ಕಳನ್ನು ಕರೆದುಕೊಂಡು ಹೋಗುವ ಮುಂಚೆ ಇದನ್ನೊಮ್ಮೆ ಓದಿ

ರಜೆ ಬಂತು ಅಂತ ಮನೆಮಂದಿಯನ್ನೆಲ್ಲ ಹೊರಡಿಸಿಕೊಂಡು ಸಿನಿಮಾಗೆ ಹೋಗುವ ಮಂಡ್ಯ, ಮೈಸೂರು ಕಡೆಯವರು ಟಿಕೆಟ್ ಮಾಡುವ ಮುಂಚೆ ಎರಡು ನಿಮಿಷ ಕೊಡಿ. ನಮಗೆ ಆಗಿದ್ದು ನಿಮಗೆ ಆಗುವುದು ಬೇಡ.

ನಾನೇನು ವಿಮರ್ಶಕ ಅಲ್ಲ. ಸಂಬಳ ಆದ ಮೇಲೆ ಒಂದು ಸಿನಿಮಾ, ಹಬ್ಬಕ್ಕೆ ಇನ್ನೊಂದು, ಅಷ್ಟೇ. ಕಥೆ ಹಿಡಿದು ಕೂರಿಸಿತಾ, ಮಾತು ಕಿವಿಗೆ ಬಿತ್ತಾ, ಪಕ್ಕದಲ್ಲಿ ಕೂತ ಅಮ್ಮನಿಗೆ ಮುಜುಗರ ಆಯಿತಾ, ಇದೇ ನನ್ನ ಲೆಕ್ಕ. ಸಿನಿಮಾದ ಹೆಸರು ಹೇಳುವುದಿಲ್ಲ, ಥಿಯೇಟರ್ ಹೆಸರೂ ಬೇಡ. ಹೇಳಿದರೆ ಮಾತೆಲ್ಲ ಆ ಹೀರೋ ಕಡೆಗೆ ಹೋಗಿಬಿಡುತ್ತದೆ. ನಾನು ಹೇಳಬೇಕಿರುವುದು ಬೇರೆ.

ಸಿನಿಮಾ ಬಿಡುಗಡೆಯಾದ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಫೋನ್ ತುಂಬ ‘ಪಬ್ಲಿಕ್ ಟಾಕ್’ ವಿಡಿಯೋಗಳು. ಹಿಂದೆ ತಮಟೆ ಸದ್ದು, ಮುಂದೆ ಮೈಕ್. ‘ಫ್ಯಾಮಿಲಿ ಸಮೇತ ಬನ್ನಿ ಗುರು, ಪೈಸಾ ವಸೂಲ್!’ ಪೋಸ್ಟರಿನಲ್ಲೂ ಅದೇ, ದಪ್ಪ ಅಕ್ಷರದಲ್ಲಿ ‘ಕುಟುಂಬ ಸಮೇತ ನೋಡಿ’. ಭಾನುವಾರ ಅಮ್ಮ, ಅಕ್ಕ, ಅಕ್ಕನ ಎಂಟು ವರ್ಷದ ಮಗ, ಎಲ್ಲರೂ ಮಂಡ್ಯದಿಂದ ಕಾರಿನಲ್ಲಿ ಹೊರಟೆವು. ಗಣಂಗೂರಿನಲ್ಲಿ ಟೋಲ್, ಮೈಸೂರಿನಲ್ಲಿ ಪಾರ್ಕಿಂಗ್, ಟಿಕೆಟ್, ಅದರ ಮೇಲೆ ಬುಕಿಂಗ್ ಶುಲ್ಕ. ಸಿನಿಮಾ ಶುರುವಾಗುವ ಮುಂಚೆಯೇ ಜೇಬು ಹಗುರ.

ಮೊದಲ ಅರ್ಧ ಗಂಟೆ ಪರವಾಗಿಲ್ಲ. ಜಾತ್ರೆ, ತಾಯಿ ಸೆಂಟಿಮೆಂಟು, ಒಂದಷ್ಟು ನಗು. ಆಮೇಲೆ ಮಚ್ಚು ಹೊರಗೆ ಬಂತು ನೋಡಿ, ಮತ್ತೆ ಒಳಗೆ ಹೋಗಲೇ ಇಲ್ಲ. ಹೊಡೆದಾಟ ನಮಗೇನು ಹೊಸದಲ್ಲ, ಚಿಕ್ಕಂದಿನಿಂದ ನೋಡಿಕೊಂಡೇ ಬೆಳೆದವರು. ಇದು ಹಾಗಲ್ಲ. ಕತ್ತು ಕತ್ತರಿಸುವುದನ್ನು ಹತ್ತಿರದಿಂದ, ನಿಧಾನವಾಗಿ, ಸದ್ದು ಜಾಸ್ತಿ ಮಾಡಿ ತೋರಿಸುತ್ತಾರೆ. ಹುಡುಗ ಟೀ ಶರ್ಟನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು ಕಣ್ಣು ಮುಚ್ಚಿಕೊಂಡ. ಒಳಗಿನಿಂದಲೇ ‘ಮುಗೀತಾ ಮಾಮ? ಮುಗೀತಾ?’ ಅಂತ ಕೇಳುತ್ತಿದ್ದ. ಅಮ್ಮ ಸೀಟಿನಲ್ಲೇ ಒಂದು ಕಡೆ ತಿರುಗಿ ಕೂತು, ‘ಏನ್ಲಾ ಇದು, ಕುರಿ ಕಡ್ದಂಗೆ ಕಡೀತಾವ್ನೆ’ ಅಂದರು. ಇಂಟರ್ವಲ್ ಆದ ಮೇಲೆ ಅಕ್ಕ ಮಗನನ್ನು ಕರೆದುಕೊಂಡು ಹೊರಗೆ ಹೋದವಳು ಒಳಗೆ ಬರಲೇ ಇಲ್ಲ. ಪಾಪ್‌ಕಾರ್ನ್ ಕೌಂಟರ್ ಪಕ್ಕದ ಬೆಂಚಿನ ಮೇಲೆ ಕೂತೇ ಇದ್ದರು. ಆ ವಾರವೆಲ್ಲ ಹುಡುಗ ರಾತ್ರಿ ಲೈಟ್ ಆರಿಸಲು ಬಿಡಲಿಲ್ಲ.

ಹೊರಗೆ ಬಂದು ಅಲ್ಲಿನ ಸಿಬ್ಬಂದಿಯನ್ನು ಕೇಳಿದೆ. ‘ಯುಎ ಅಲ್ವಾ ಸಾರ್, ಪೇರೆಂಟ್ಸ್ ಜೊತೆ ಬಂದ್ರೆ ಬಿಡ್ತೀವಿ’ ಅಂದರು. ನಿಯಮದ ಪ್ರಕಾರ ಅವರ ಮಾತು ಸರಿಯೇ. ಎಚ್ಚರಿಕೆ ಬೇಕಿರುವುದೂ ಇಲ್ಲೇ. ಸೆನ್ಸಾರ್ ಸರ್ಟಿಫಿಕೇಟಿನಲ್ಲಿ ಮೊದಲು ಬರೀ ‘ಯುಎ’ ಅಂತ ಒಂದೇ ಇತ್ತು, ಹನ್ನೆರಡು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಅಪ್ಪ ಅಮ್ಮ ಯೋಚನೆ ಮಾಡಿ ಅಂತ ಅರ್ಥ. 2024ರ ಹೊಸ ನಿಯಮಗಳಲ್ಲಿ ಅದನ್ನು ಮೂರು ಮಾಡಿದ್ದಾರೆ: ಯುಎ 7+, ಯುಎ 13+, ಯುಎ 16+. ನಾವು ನೋಡಿದ್ದು ಯುಎ 16+. ಆದರೆ ‘ಎ’ ಸಿನಿಮಾಗೆ ಹದಿನೆಂಟರ ಒಳಗಿನವರನ್ನು ಬಿಡುವಂತಿಲ್ಲ ಅನ್ನುವ ಹಾಗೆ ಈ ಮೂರಕ್ಕೆ ಬಾಗಿಲಲ್ಲಿ ತಡೆ ಇಲ್ಲ. ಆ ಸಂಖ್ಯೆ ಇರುವುದು ಅಪ್ಪ ಅಮ್ಮನಿಗೆ ತಿಳಿಯಲಿ ಅಂತ, ಅಷ್ಟೇ. ನಿರ್ಧಾರ ನಿಮ್ಮದೇ. ಅದು ಎಲ್ಲಿ ಬರೆದಿರುತ್ತದೆ ಗೊತ್ತಾ? ಆ್ಯಪ್‌ನಲ್ಲಿ ಸಿನಿಮಾ ಅವಧಿಯ ಪಕ್ಕದಲ್ಲಿ, ಮಾಸಲು ಬಣ್ಣದ ಪುಟ್ಟ ಅಕ್ಷರದಲ್ಲಿ. ‘ಕುಟುಂಬ ಸಮೇತ’ ಅನ್ನುವುದು ಮಾತ್ರ ಗೋಡೆಯಷ್ಟು ದೊಡ್ಡದು. 16+ ಸರ್ಟಿಫಿಕೇಟ್ ತೆಗೆದುಕೊಂಡ ಸಿನಿಮಾದವರು ಪೋಸ್ಟರಿನಲ್ಲಿ ಹಾಗೆ ಹಾಕುವುದು ನನ್ನ ಪ್ರಕಾರ ಮೋಸವೇ.

ಇನ್ನು ಆ ಪಬ್ಲಿಕ್ ಟಾಕ್ ವಿಡಿಯೋಗಳು. ಮನೆಗೆ ಬಂದು ಸಮಾಧಾನವಾಗಿ ಮತ್ತೆ ನೋಡಿದೆ. ಮಾತಾಡಿದವರಲ್ಲಿ ಅರ್ಧ ಜನರ ಎದೆಯ ಮೇಲೆ ಹೀರೋ ಫೋಟೋ. ಅಭಿಮಾನಿ ಬಾಯಲ್ಲಿ ಮೊದಲ ದಿನ ‘ಚೆನ್ನಾಗಿಲ್ಲ’ ಅನ್ನುವ ಮಾತು ಬರುತ್ತದೆಯೇ? ಅವರ ಖುಷಿ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಆದರೆ ಎಂಟು ವರ್ಷದ ಮಗುವನ್ನು ಕರೆದುಕೊಂಡು ಹೋಗಬಹುದಾ ಅನ್ನುವುದಕ್ಕೆ ಅದು ಉತ್ತರ ಅಲ್ಲ. ಆ್ಯಪ್‌ನ ರೇಟಿಂಗ್ ನೋಡೋಣ ಅಂದರೆ, ಕೆಲವು ಸಿನಿಮಾಗಳಿಗೆ ಅದೂ ಕಾಣಿಸುವುದಿಲ್ಲ, ನಿರ್ಮಾಪಕರು ಕೋರ್ಟಿನಿಂದ ಆದೇಶ ತಂದು ನಿಲ್ಲಿಸಿರುತ್ತಾರೆ. ನಿಮ್ಮ ಬೀದಿಯಲ್ಲೇ ಸಿನಿಮಾ ನೋಡಿ ಬಂದ, ಮಕ್ಕಳಿರುವ ಯಾರಿಗಾದರೂ ಒಂದು ಫೋನ್ ಮಾಡಿ. ಅದೇ ವಾಸಿ.

ಸಿನಿಮಾ ಹೇಗಿತ್ತು ಅಂತಲೂ ಹೇಳಿಬಿಡುತ್ತೇನೆ, ಅಷ್ಟು ದುಡ್ಡು ಕೊಟ್ಟಿದ್ದೇನೆ. ಹೀರೋ ನಡೆದರೆ ಸ್ಲೋ ಮೋಷನ್, ತಿರುಗಿದರೆ ಸ್ಲೋ ಮೋಷನ್. ಮಾಮೂಲಿ ವೇಗದಲ್ಲಿ ಓಡಿಸಿದ್ದರೆ ಎರಡೇ ಗಂಟೆಯಲ್ಲಿ ಮುಗಿಸಿ ಮನೆಗೆ ಬರಬಹುದಿತ್ತು. ಹಿನ್ನೆಲೆ ಸಂಗೀತದ ಅಬ್ಬರಕ್ಕೆ ಮಾತು ಕೇಳಿಸುವುದಿಲ್ಲ. ನಾಯಕಿ ಬರುತ್ತಾಳೆ, ಒಂದು ಹಾಡು, ಒಂದು ಅಳು, ಮುಗಿಯಿತು. ತಾಯಿ ಪಾತ್ರದ ಕಲಾವಿದೆ ಮಾತ್ರ ನಿಜಕ್ಕೂ ಚೆನ್ನಾಗಿ ಮಾಡಿದ್ದಾರೆ, ಅವರಿಗೋಸ್ಕರ ಕೂತಿದ್ದೆ. ಕೊನೆಗೆ ವಿಲನ್ ಯಾರು ಅಂತ ಗೊತ್ತಾಗುವ ಹೊತ್ತಿಗೆ ಪರದೆ ಮೇಲೆ ‘ಭಾಗ 2ರಲ್ಲಿ’ ಅಂತ ಬಂತು. ಅಲ್ಲಪ್ಪ, ಇದು ಅರ್ಧ ಸಿನಿಮಾ ಅಂತ ಟಿಕೆಟ್ ಮಾರುವಾಗ ಹೇಳಬೇಕಲ್ವಾ?

ಭಾಷೆಯನ್ನೂ ನೋಡಿಕೊಳ್ಳಿ. ಪ್ಯಾನ್ ಇಂಡಿಯಾ ಸಿನಿಮಾ ಅಂದರೆ ಕನ್ನಡದಲ್ಲೂ ಇದೆ ಅಂತ ಜಾಹೀರಾತು ಇರುತ್ತದೆ. ಶೋ ಪಟ್ಟಿ ತೆರೆದರೆ ಕನ್ನಡದ್ದು ಬೆಳಗ್ಗೆ ಒಂದು, ಅದೂ ಊರಾಚೆ. ಮಿಕ್ಕಿದ್ದೆಲ್ಲ ತೆಲುಗು, ತಮಿಳು. ದಶಕಗಳ ಕಾಲ ನಮ್ಮ ಚಿತ್ರರಂಗದವರು ಡಬ್ಬಿಂಗ್ ಬೇಡ ಅಂತ ಕೂತಿದ್ದರು, 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿ ಬರದಂತೆ ನೋಡಿಕೊಳ್ಳುವ ಕೇಂದ್ರದ ಸ್ಪರ್ಧಾ ಆಯೋಗ ಆ ತಡೆ ತಪ್ಪು ಅಂತ ಹೇಳಿದ ಮೇಲೆ ದಾರಿ ತೆರೆಯಿತು. ದಾರಿ ತೆರೆದರೂ ಶೋ ಸಿಗದಿದ್ದರೆ ನಮ್ಮಮ್ಮನಂಥವರಿಗೆ ಏನು ಬಂತು?

ನೀರಿನ ವಿಷಯ. ನಮ್ಮ ಬಾಟಲಿ ಬಾಗಿಲಲ್ಲೇ ಇಳಿಸಿಕೊಂಡರು. ಹೊರಗಿನ ತಿಂಡಿ, ಪಾನೀಯ ಬೇಡ ಅನ್ನುವ ಹಕ್ಕು ಥಿಯೇಟರಿನವರಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಹೇಳಿದೆ. ಅದೇ ತೀರ್ಪಿನಲ್ಲಿ ಶುದ್ಧ ಕುಡಿಯುವ ನೀರು ಪುಕ್ಕಟೆ ಕೊಡಬೇಕು, ಹಸುಗೂಸಿಗೆ ಬೇಕಾದ ಆಹಾರ ತಡೆಯಬಾರದು ಅಂತಲೂ ಇದೆ. ‘ಫ್ರೀ ನೀರು ಎಲ್ಲಿ?’ ಅಂತ ಬಾಯಿಬಿಟ್ಟು ಕೇಳಿ. ನಾನು ಕೇಳಿದ ಮೇಲೆ ಶೌಚಾಲಯದ ಪಕ್ಕದ ಮೂಲೆ ತೋರಿಸಿದರು, ಅಲ್ಲಿ ಲೋಟ ಇರಲಿಲ್ಲ. ಹೋಗಿ ಮತ್ತೆ ಕೇಳಿದೆ, ಬಂತು. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಟಿಕೆಟ್ ಕೂಡ ಎಸೆಯಬೇಡಿ. ಟಿಕೆಟ್ ದರ ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಅಂತ ರಾಜ್ಯ ಸರ್ಕಾರ 2025ರ ಸೆಪ್ಟೆಂಬರಿನಲ್ಲಿ ನಿಯಮ ತಂದಿತು, ಹೈಕೋರ್ಟ್ ಅದೇ ತಿಂಗಳು ಅದಕ್ಕೆ ತಡೆ ಕೊಟ್ಟಿತು. ಸರ್ಕಾರ ಗೆದ್ದರೆ ಜನರಿಗೆ ದುಡ್ಡು ವಾಪಸ್ ಕೊಡಬೇಕಾಗಬಹುದು ಅಂತ ಮಾರಿದ ಟಿಕೆಟ್ಟಿನ ಲೆಕ್ಕ ಇಡಲು ಮಲ್ಟಿಪ್ಲೆಕ್ಸ್‌ಗಳಿಗೆ ಅದೇ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿತ್ತು, ಆ ಷರತ್ತಿಗೆ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ತಡೆ ಕೊಟ್ಟಿತು. ಅವರು ಲೆಕ್ಕ ಇಡಲಿ ಬಿಡಲಿ, ನಾವು ಇಡೋಣ.

ಇದಾದ ಮೇಲೆ ಮಂಡ್ಯದಲ್ಲೇ, ಒಂದೇ ಪರದೆಯ ಹಳೇ ಟಾಕೀಸಿನಲ್ಲಿ, ಒಂದು ಸಣ್ಣ ಸಿನಿಮಾ ನೋಡಿದೆ. ಅಣ್ಣ ತಮ್ಮಂದಿರ ಹಿಸ್ಸೆಯ ಕಥೆ. ಮೊದಲರ್ಧ ಎಳೆದಿದ್ದಾರೆ, ಕಾಮಿಡಿ ಸುಮ್ನೆ ತುರುಕಿದ್ದು. ಆದರೆ ಸರ್ವೇಯರ್ ಬಂದು ಗದ್ದೆಗೆ ಸರಪಳಿ ಹಿಡಿಯುವ ದೃಶ್ಯ ಒಂದಿದೆ. ಯಾರೂ ಮಾತಾಡುವುದಿಲ್ಲ, ತಮ್ಮನ ಹೆಂಡತಿ ಬದುವಿನ ಮೇಲೆ ನಿಂತು ಸೆರಗು ಕಚ್ಚಿಕೊಂಡು ಕಲ್ಲು ನೆಡುವುದನ್ನೇ ನೋಡುತ್ತಾಳೆ. ನಮ್ಮ ಮನೆಯಲ್ಲೂ ಪಾಲು ಆಗಿದೆ, ಹಾಗಾಗಿ ನನಗೆ ಜಾಸ್ತಿ ತಟ್ಟಿರಬಹುದು. ಹತ್ತಿಪ್ಪತ್ತು ಜನ ಇದ್ದೆವೇನೋ. ಅಮ್ಮನನ್ನು ಕರೆದುಕೊಂಡು ಹೋಗೋಣ ಅನ್ನುವಷ್ಟರಲ್ಲಿ ಎತ್ತಂಗಡಿ ಆಗಿತ್ತು.

ಹಾಗಾಗಿ ದೊಡ್ಡ ಹೀರೋ ಸಿನಿಮಾ ಆದರೆ ಸೋಮವಾರದವರೆಗೆ ಕಾಯಿರಿ, ಅದು ಎಲ್ಲಿಗೂ ಓಡಿ ಹೋಗುವುದಿಲ್ಲ. ಸಣ್ಣ ಸಿನಿಮಾ ಆದರೆ ಮೊದಲ ಮೂರು ದಿನದಲ್ಲೇ ನೋಡಿಬಿಡಿ, ಗುರುವಾರ ಅದು ಇರುತ್ತದೆ ಅಂತ ಭರವಸೆ ಇಲ್ಲ. ಎರಡಕ್ಕೂ ಟಿಕೆಟ್ ಮಾಡುವ ಮುಂಚೆ ಆ ಪುಟ್ಟ ಅಕ್ಷರವನ್ನು ಬೆರಳಲ್ಲಿ ದೊಡ್ಡದು ಮಾಡಿ ಓದಿ.